ಹನ್ನೊಂದು ವರ್ಷದ ಸೈನಿಕ

ಅಶೋಕಪುರಂನಲ್ಲಿ ಸಿದ್ದಪ್ಪಾಜಿಯನ್ನು ಎಲ್ಲರೂ 'ಮಿಲ್ಟ್ರಿ ರಿಟೈರ್ಡ್' ಎಂದೇ ಕರೆಯುತ್ತಿದ್ದರು. ಈ ಫೆಬ್ರುವರಿಯಲ್ಲಿ ಅವನು ತೀರಿಕೊಂಡಾಗ ಬೀದಿಯವರು ಹಾಕಿಸಿದ ಫ್ಲೆಕ್ಸಿನಲ್ಲೂ ಹೆಸರಿನ ಕೆಳಗೆ 'ಮಾಜಿ ಸೈನಿಕರು' ಎಂದಿತ್ತು. ಆ ಎರಡು ಪದಗಳು ಹೋದ ವರ್ಷ ಅವನನ್ನು ಎಷ್ಟು ಅಲೆಸಿದವೆಂದು ಬರೆಸಿದವರಿಗೆ ಗೊತ್ತಿರಲಿಲ್ಲ.

ಅವನು ಸೈನ್ಯದಲ್ಲಿದ್ದದ್ದು ಹನ್ನೊಂದು ವರ್ಷ. ಪೆನ್ಶನ್ನಿಗೆ ಹದಿನೈದು ಬೇಕು. ಮಗಳು ಧರಣಿ ಹುಟ್ಟಿದ ಮೇಲೆ ಹೆಂಡತಿ ಹಾಸಿಗೆ ಹಿಡಿದಳು. ಕೂಸನ್ನು ಎತ್ತಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಅರ್ಜಿ ಕೊಟ್ಟು ಬಿಡಿಸಿಕೊಂಡು ಬಂದ. ಮರುವರ್ಷ ಹೆಂಡತಿ ತೀರಿಕೊಂಡಳು. ಬೋಗಾದಿಯ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆದ. 'ರಿಟೈರ್ಡ್' ಎಂದವರನ್ನು ಅವನು ತಿದ್ದಲಿಲ್ಲ. ತಿದ್ದಿದರೆ ಯಾಕೆ ಬಿಟ್ಟು ಬಂದೆ ಎಂದು ಕೇಳುತ್ತಿದ್ದರು. ಉತ್ತರ ಧರಣಿಯ ಕಿವಿಗೂ ಬೀಳುತ್ತಿತ್ತು.

ಹೀಗಾಗಿ ಸಿಇಟಿ ಅರ್ಜಿ ತುಂಬುವಾಗ ಧರಣಿ ಯಾರನ್ನೂ ಕೇಳದೆ 'ಮಾಜಿ ಸೈನಿಕರ ಮಕ್ಕಳು' ಎಂಬಲ್ಲಿ ಟಿಕ್ ಹಾಕಿದಳು.

"ಆ ಕೋಟಾದಲ್ಲಿ ವೆಟರ್ನರಿ ಸೀಟು ಸಿಗಬಹುದು ಅಪ್ಪ. ಸೈನಿಕ ಕಲ್ಯಾಣ ಆಫೀಸಿಂದ ಸರ್ಟಿಫಿಕೇಟ್ ತಂದ್ಕೊಡಿ. ಅರ್ಜಿ ತಿದ್ದೋಕೆ ಶುಕ್ರವಾರ ಕೊನೆ."

ಸೋಮವಾರ ಸೈನ್ಯ ಕೊಟ್ಟ ಡಿಸ್ಚಾರ್ಜ್ ಪುಸ್ತಕ ಹಿಡಿದು ಹೊರಟವನು ಆಫೀಸಿನ ಗೇಟು ದಾಟದೆ ತಿರುಗಿಬಂದ. ಮಂಗಳವಾರ ಕೆಲಸವಿಲ್ಲದೆ ಯಾದವಗಿರಿಯವರೆಗೆ ನಡೆದು, ಅಲ್ಲಿಂದ ಯಾಕೆ ಬಂದೆನೆಂದು ಗೊತ್ತಾಗದೆ ಬಸ್ಸು ಹತ್ತಿದ. ತಾನಾಗಿ ಬಿಟ್ಟು ಬಂದವನನ್ನು ಮಾಜಿ ಸೈನಿಕ ಎನ್ನುತ್ತಾರೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಸೀಟು ಸಿಗದಿರುವುದು ಒಂದು. ಸುಳ್ಳು ಟಿಕ್ಕಿನಿಂದ ಮಗಳ ಅರ್ಜಿಯೇ ತಿರಸ್ಕಾರವಾದರೆ?

ಬುಧವಾರ ಡ್ಯೂಟಿಯಲ್ಲಿ ಅವನನ್ನು ತಡೆದವನು ಚೆಲುವರಾಜು. ಹದಿನೇಳು ವರ್ಷ ಸೈನ್ಯದಲ್ಲಿದ್ದು ಪೆನ್ಶನ್ ಸಮೇತ ಬಂದವನು, ಅದೇ ಅಪಾರ್ಟ್‌ಮೆಂಟಿನ ಕಾವಲುಗಾರ.

"ಏನ್ಲಾ, ಗೇಟಿಂದ ಗೇಟಿಗೆ ತಿರುಗ್ತಾನೇ ಇದ್ದೀಯ. ಏನಾದ್ರೂ ಕಳ್ಕೊಂಡ್ಯಾ?"

"ಧರಣಿ ಫಾರಂನಲ್ಲಿ ಮಾಜಿ ಸೈನಿಕ ಅಂತ ಟಿಕ್ ಹಾಕ್ಬುಟ್ಟವ್ಳೆ."

"ಹಾಕ್ಲಿ ಬುಡು. ಹನ್ನೊಂದ್ ವರ್ಷ ನೀನೇನು ಅಲ್ಲಿ ಅವರೆಕಾಯಿ ಸುಲೀತಿದ್ಯಾ?"

"ಸ್ವಂತ ಕೋರಿಕೆ ಮೇಲೆ ಬಿಟ್ಟ ಅಂತ ಪುಸ್ತಕದಲ್ಲಿ ಬರ್ದವ್ರೆ ಕಣೋ."

ಚೆಲುವರಾಜು ನಗು ನಿಲ್ಲಿಸಿದ. "ಹೋಗಿ ಕೇಳ್ಬುಡು. ಇಂಗೆ ಸುತ್ತಿದ್ರೆ ಚಪ್ಪಲಿ ಸವೆಯುತ್ತೆ, ಅಷ್ಟೇ."

ಗುರುವಾರ ಸೈನಿಕ ಕಲ್ಯಾಣ ಆಫೀಸಿನ ಗೇಟು ದಾಟಿದ. ಕೌಂಟರಿನಲ್ಲಿದ್ದ ಗುಮಾಸ್ತೆ ವಾಣಿ ಪುಸ್ತಕದ ಪುಟ ತಿರುವುತ್ತ ಕೇಳಿದಳು: "ಪೆನ್ಶನ್ ಬರುತ್ತಾ ಸರ್?"

"ಇಲ್ಲ."

"ಮೆಡಿಕಲ್ ಮೇಲೆ ಕಳಿಸಿದ್ರಾ?"

"ಇಲ್ಲಮ್ಮ. ನಾನೇ ಕೇಳ್ಕೊಂಡು ಬಂದೆ."

"ಒಪ್ಪಿಕೊಂಡ ಅವಧಿ ಮುಗಿಸಿದ್ರೆ ಆಗ್ತಿತ್ತು. ಪೆನ್ಶನ್ ಆಗೋ ಮುಂಚೆ ಸ್ವಂತ ಕೋರಿಕೆ ಮೇಲೆ ಬಂದೋರಿಗೆ ಮಾಜಿ ಸೈನಿಕ ಅಂತ ಕೊಡೋಕಾಗಲ್ಲ ಸರ್. ಬೇಜಾರ್ ಮಾಡ್ಕೋಬೇಡಿ."

"ಹಾಗಾದ್ರೆ ನಾನು ಏನಮ್ಮ?"

ವಾಣಿ ನಿಜಕ್ಕೂ ಯೋಚಿಸಿದಳು. "ಅದಕ್ಕೆ ನಮ್ಮತ್ರ ಕಾಲಂ ಇಲ್ಲ ಸರ್."

ಮನೆಗೆ ಬಂದು ಪುಸ್ತಕವನ್ನು ಮಗಳ ಮುಂದಿಟ್ಟು ಇದ್ದದ್ದನ್ನು ಹೇಳಿದ. ಧರಣಿ ಬಿಡುಗಡೆಯ ತಾರೀಖಿನ ಮೇಲೆ ಬೆರಳಿಟ್ಟಳು.

"ಆಗ ನಂಗೆ ಐದು ತಿಂಗಳು."

"ಇರ್ಬೇಕು."

"ಅಮ್ಮಂಗೆ ಹುಷಾರಿಲ್ಲ ಅಂತ ಬಂದ್ರಾ, ನಾನಿದ್ದೀನಿ ಅಂತ ಬಂದ್ರಾ?"

"ಬರ್ಬೇಕು ಅನ್ನಿಸ್ತು, ಬಂದ್ಬುಟ್ಟೆ."

"ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ. ಇನ್ನೆರಡು ದಿನ ಸುಮ್ನಿದ್ದಿದ್ರೆ ನನ್ ಅರ್ಜಿ ಗತಿ ಏನಾಗ್ತಿತ್ತೋ." ಅವಳು ತನ್ನ ಮೊಬೈಲಿನಲ್ಲಿ ಅರ್ಜಿ ತೆರೆದಳು. "ನಿಮ್ ಫೋನ್ ನೋಡಿ. ಟಿಕ್ ತೆಗಿಯೋಕೆ ಓಟಿಪಿ ಬಂದಿರುತ್ತೆ."

ಅವನು ವೈರ್‌ಲೆಸ್ಸಿನಲ್ಲಿ ಹೇಳುವವನಂತೆ ಒಂದೊಂದು ಅಂಕಿಯನ್ನೂ ಎರಡೆರಡು ಸಲ ಹೇಳಿದ.

ವೆಟರ್ನರಿ ಸಿಗಲಿಲ್ಲ. ಧರಣಿ ಮೈಸೂರಿನಲ್ಲೇ ಬಿಎಸ್ಸಿಗೆ ಸೇರಿದಳು. ದಾಖಲಾತಿಯ ದಿನ ಕಾಲೇಜಿನ ವರಾಂಡದಲ್ಲಿ ಸಿದ್ದಪ್ಪಾಜಿ ಕಂಬದಿಂದ ಕಂಬಕ್ಕೆ ಸುತ್ತುತ್ತಿದ್ದ. ಅವಳು ಫಾರಂ ತಂದು ಹಿಡಿದಳು. ತಂದೆಯ ಉದ್ಯೋಗ ಎಂಬಲ್ಲಿ 'ಸೆಕ್ಯುರಿಟಿ ಸೂಪರ್‌ವೈಸರ್; ಸೈನ್ಯದಲ್ಲಿ ಹನ್ನೊಂದು ವರ್ಷ' ಎಂದು ಬರೆದಿದ್ದಳು.

"ಇಷ್ಟೆಲ್ಲ ಯಾರು ಕೇಳಿದ್ರಮ್ಮ?"

"ಕೆಳಗೆ ಸಹಿ ಹಾಕಿ ಅಪ್ಪ. ಕ್ಯೂ ಮುಂದೆ ಹೋಗ್ತಾ ಇದೆ."