ಕರೆದವರನ್ನು ಕಳಿಸಿಕೊಡುವ ಹಾಡು

ಅತ್ತೆಯ ಬಲ ಅಂಗೈಯ ಬುಡ ಎಮ್ಮೆಯ ಗೊರಸಿನಷ್ಟು ಗಟ್ಟಿಯಾಗಿತ್ತು. ಕುದಿಯುವ ಬೋಗುಣಿಯನ್ನು ಬಟ್ಟೆ ಹಿಡಿಯದೆ ಒಲೆಯಿಂದ ಇಳಿಸುತ್ತಿದ್ದಳು. ಚಿಕ್ಕಂದಿನಿಂದ ದಮಾಮಿ ಬಾರಿಸಿ ಬಾರಿಸಿ ಬಂದ ಗಟ್ಟಿತನ ಅದು. ದಮಾಮಿ ಎಂದರೆ ನಮ್ಮ ಸಿದ್ದಿಗಳ ಮದ್ದಳೆ, ಎರಡೂ ಕಡೆ ಚರ್ಮ ಬಿಗಿದದ್ದು. ಅವಳು ನನ್ನ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತೇರಗಾಂವದ ಆಚೆಯ ನಮ್ಮ ಸಣ್ಣ ಊರಿಗೆ ಆ ದಮಾಮಿಯೊಂದನ್ನೇ ಹೊತ್ತುಕೊಂಡು ವಾಪಸು ಬಂದಳಂತೆ.

ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಹೊಸ ಕಂಡಕ್ಟರುಗಳು ನಮ್ಮ ಕೂದಲು, ಬಣ್ಣ ನೋಡಿ ಹಿಂದಿಯಲ್ಲಿ ಮಾತಾಡಿಸುತ್ತಾರೆ. ನಾನು ತಲೆ ತಗ್ಗಿಸಿ ಊರ ಹೆಸರು ಹೇಳಿ ಟಿಕೆಟ್ ತೆಗೆದುಕೊಳ್ಳುವವಳು. ಅತ್ತೆ ಬಿಡುತ್ತಿರಲಿಲ್ಲ. "ಯಾಕೋ ತಮ್ಮಾ, ನನ್ನ ಕೂದಲಾ ನೋಡಿದ ಕೂಡ್ಲೆ ಕನ್ನಡಾ ಮರತಿ ಏನು?" ಇಡೀ ಬಸ್ಸು ನಗುತ್ತಿತ್ತು, ಕಂಡಕ್ಟರೂ ನಗುತ್ತಿದ್ದ. ಮುಂದಿನ ವಾರ ಮತ್ತೆ ಹಿಂದಿ.

ನಮ್ಮ ಮನೆಯ ಮೂಲೆಯಲ್ಲಿ, ಮಣ್ಣಿನ ಕಟ್ಟೆಯ ಮೇಲೆ ತೆಂಗಿನಕಾಯಿಯೊಂದು ಇರುತ್ತದೆ. ಅದೇ ಹಿರಿಯರು. ವರ್ಷಕ್ಕೊಮ್ಮೆ ಸತ್ತವರ ಹೆಸರು ಹಿಡಿದು ಹಾಡಿ ಕರೆಯುತ್ತೇವೆ, ಅನ್ನ ಬಡಿಸುತ್ತೇವೆ, ಉಂಡಮೇಲೆ ಇನ್ನೊಂದು ಹಾಡು ಹೇಳಿ ಕಳಿಸಿಕೊಡುತ್ತೇವೆ. ಕರೆಯುವ ಹಾಡು ನಮ್ಮ ಹೆಂಗಸರಿಗೆಲ್ಲ ಬರುತ್ತದೆ. ಕಳಿಸುವ ಹಾಡು ಬಲು ಉದ್ದ; ಅದು ಅತ್ತೆಯೊಬ್ಬಳಿಗೇ ಪೂರ್ತಿ ಬರುತ್ತಿದ್ದದ್ದು. ಉಣಿಸದೆ ಅದನ್ನು ಹೇಳುವ ಹಾಗಿಲ್ಲ. ಮನೆಗೆ ಕರೆದವರನ್ನು ಹಸಿದ ಹೊಟ್ಟೆಯಲ್ಲಿ ಹೊರಡಿ ಎಂದ ಹಾಗಾಗುತ್ತದೆ.

ಕುಳಗಿ ಕಡೆಯ ರೆಸಾರ್ಟೊಂದರವರು ನಮ್ಮ ಹೆಂಗಸರ ಮೇಳವನ್ನು ಕರೆಸತೊಡಗಿದಾಗ ಅತ್ತೆಯೇ ಮುಂದಾಳು. ಹೊಲದ ಕೂಲಿ ಇಲ್ಲದ ತಿಂಗಳುಗಳಲ್ಲಿ ನಮ್ಮ ಒಲೆ ಉರಿಯುತ್ತಿದ್ದದ್ದು ಅದರಿಂದ. ಮ್ಯಾನೇಜರ್ ಎಲೆಯ ಲಂಗ ಉಟ್ಟು, ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಬನ್ನಿ, ಗೆಸ್ಟುಗಳಿಗೆ ನಿಮ್ಮ ಮುತ್ತಾತಂದಿರ ಆಫ್ರಿಕಾ ಕಾಣಬೇಕು ಎಂದ. "ಅದನ್ನ ನಾನೂ ಕಂಡಿಲ್ರಿ. ನಮ್ಮವ್ವ ಸೀರಿ ಉಟ್ಟ ಕುಣದಾಳ, ನಾವೂ ಸೀರಿ ಉಟ್ಟ ಕುಣಿತೇವಿ," ಎಂದಳು ಅತ್ತೆ. ಅಲ್ಲಿ ಮದುವೆಯ ಹಾಡು, ತಮಾಷೆಯ ಹಾಡು ಬಿಟ್ಟರೆ ಬೇರೇನೂ ಹೇಳಲು ಅವಳು ನಮ್ಮನ್ನು ಬಿಡುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹುಲ್ಲುಹಾಸಿನ ಮೇಲೆ ನಮ್ಮ ಕುಣಿತ ಮುಗಿಯುತ್ತಿತ್ತು. ನರೆಗೂದಲಿನ ಗೆಸ್ಟ್ ಹೆಂಗಸೊಬ್ಬರು ಬಂದು ಅತ್ತೆಯ ಪಕ್ಕ ನೆಲದ ಮೇಲೇ ಕೂತರು. "ಇದೆಲ್ಲ ನಮಗೋಸ್ಕರ ಹೇಳಿದ್ದು. ಮನೆಯಲ್ಲಿ ನಿಮಗೋಸ್ಕರ ಏನು ಹೇಳಿಕೊಳ್ಳುತ್ತೀರಿ?" ಎಂದು ಕೇಳಿದರು. ಹಾಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಅತ್ತೆ ಕರಗಿಹೋದಳು. ನಾನು ಸೆರಗು ಜಗ್ಗುವಷ್ಟರಲ್ಲಿ ಕರೆಯುವ ಹಾಡು ಶುರುವಾಗಿಬಿಟ್ಟಿತ್ತು. ಅಜ್ಜ, ಮುತ್ತಜ್ಜಿ, ಹೆರಿಗೆಯಲ್ಲಿ ಹೋದ ಅತ್ತೆಯ ಒಬ್ಬಳೇ ಮಗಳು, ಎಲ್ಲರ ಹೆಸರೂ ಬಂದವು.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. "ತುಂಬಾ ಚೆನ್ನಾಗಿತ್ತು" ಎಂದು ಆಕೆ ಕೈಮುಗಿದು ಎದ್ದುಹೋದರು. ಹುಲ್ಲುಹಾಸು ಖಾಲಿಯಾಯಿತು. ಅತ್ತೆ ಬಾರಿಸುತ್ತಲೇ ಇದ್ದಳು.

"ಹಿರ್ಯಾರು ಬಂದ ಕೂತಾರ. ಉಣಸದ ಹೆಂಗ ಬಿಡೂದು? ಓಡು, ಒಂದ ತಾಟ ಅನ್ನಾ ತಗೊಂಡ ಬಾ. ಇಷ್ಟ ಅಡಿಗಿ ಮಾಡ್ಯಾರ, ಒಲ್ಲೆ ಅನ್ನೂದಿಲ್ಲ."

ಅಡುಗೆಮನೆಗೆ ಓಡಿದೆ. "ನಿಮ್ಮ ಊಟ ಗೆಸ್ಟ್ ಉಂಡ ಮ್ಯಾಲ," ಎಂದ ಬಡಿಸುವವನು. ನಮಗಲ್ಲ, ನಮ್ಮ ಹಿರಿಯರಿಗೆ ಎಂದೆ. ನನ್ನ ಹಿಂದೆ ಯಾರಾದರೂ ಮುದುಕರು ನಿಂತಿದ್ದಾರೋ ಎಂದು ಅವನು ಕತ್ತು ಚಾಚಿ ನೋಡಿದ. "ಅವರಿಗೂ ತಡೀ ಅನ್ನು," ಎಂದ. ಪಕ್ಕದಲ್ಲೇ ಗೆಸ್ಟುಗಳ ಮಕ್ಕಳು ಮೊದಲೇ ಉಂಡು ಬಿಟ್ಟ ತಟ್ಟೆಗಳು, ಅರ್ಧ ಅನ್ನ ಹಾಗೇ ಇತ್ತು. ಎಂಜಲು ನಡೆಯುವುದಿಲ್ಲ. ಬರಿಗೈಯಲ್ಲಿ ಬಂದಾಗ ಮ್ಯಾನೇಜರ್ ದಮಾಮಿಯ ಚರ್ಮದ ಮೇಲೆ ಅಂಗೈ ಊರಿ ನಿಂತಿದ್ದ. "ಸಾಕ್ರಿ, ಊಟದ ಟೈಮಿನ್ಯಾಗ ಗದ್ದಲಾ ಬ್ಯಾಡ." ಕೂಡಲೇ ನಮ್ಮನ್ನು ಟೆಂಪೋ ಹತ್ತಿಸಿದರು, ಊಟವನ್ನು ಪೊಟ್ಟಣ ಕಟ್ಟಿ ಕೊಟ್ಟರು. ನನಗೆ ಸಿಟ್ಟು ಬರಬೇಕಿತ್ತು. ಏನೂ ಬರಲಿಲ್ಲ. ದಾರಿಯಲ್ಲಿ ಪೊಟ್ಟಣ ಬಿಚ್ಚಿ ಉಂಡೆ. ಅತ್ತೆ ಮುಟ್ಟಲಿಲ್ಲ.

"ಅಲ್ಲೇ ಕೂತಾರ ಅವರು. ಹಸಕೊಂಡ," ಎಂದಳು.

ಆ ವರ್ಷ ಮನೆಯ ಪೂಜೆಯಲ್ಲಿ ಅವಳು ಹಾಡಲಿಲ್ಲ. "ಇಲ್ಲೆ ಯಾರ ಬರ್ತಾರ? ಎಲ್ಲಾರೂ ಅಲ್ಲೆ ಅದಾರ." ಬುತ್ತಿ, ತೆಂಗಿನಕಾಯಿ ಕಟ್ಟಿಕೊಂಡು ಬಸ್ಸು ಹತ್ತಿ ರೆಸಾರ್ಟಿನ ಗೇಟಿಗೆ ಹೋದಳು. ಬುಕಿಂಗ್ ಐತೇನು ಎಂದು ಕೇಳಿ ವಾಪಸು ಕಳಿಸಿದರಂತೆ. ಮತ್ತೂ ಹೋದಳು. ನಮ್ಮ ಹೆಂಗಸರೇ ಬೈದರು, "ಸುಮ್ನ ಕುಂಡ್ರ ನೀ, ಇದ್ದ ಕೆಲಸಾನೂ ಕಳೀಬ್ಯಾಡ." ಅವಳನ್ನು ಬಿಟ್ಟು ಮೇಳ ಮತ್ತೆ ಹೊರಟಿತು, ಎಲೆಯ ಲಂಗ ಉಟ್ಟು. ನಾನೂ ಉಟ್ಟೆ. ಅತ್ತೆ ನೋಡಿದಳು, ಒಲೆಯತ್ತ ತಿರುಗಿದಳು. ಬೈದಿದ್ದರೆ ಒಳ್ಳೆಯದಿತ್ತು.

ಹೋದ ವರ್ಷ ಕಬ್ಬು ಕಡಿಯುವ ಹೊತ್ತಿಗೆ ಜ್ವರ ಬಂದು ಮಲಗಿದವಳು ಏಳಲಿಲ್ಲ. "ನನ್ನ ಇಲ್ಲೆ ಕರೀಬ್ಯಾಡ್ರಿ. ಮಗಳ ಇದ್ದಲ್ಲೆ ಕರೀರಿ," ಎಂದಳು. ಕೊನೆಯ ಮಾತು ಅದೇ. ಮಣ್ಣು ಮಾಡಿ ಬಂದು ಎಲ್ಲರೂ ಅತ್ತರು. ನಾನು ಪಾತ್ರೆ ತೊಳೆದೆ.

ಈಗ ಅದೇ ರೆಸಾರ್ಟಿನಲ್ಲಿ ಕೋಣೆ ಗುಡಿಸುತ್ತೇನೆ. ಬೆಳಿಗ್ಗೆ ಗೆಸ್ಟುಗಳು ಏಳುವ ಮೊದಲು, ಮನೆಯಿಂದ ತಂದ ಅನ್ನವನ್ನು ಹುಲ್ಲುಹಾಸಿನ ಅಂಚಿನಲ್ಲಿ ಮುತ್ತುಗದ ಎಲೆಯ ಮೇಲೆ ಬಡಿಸುತ್ತೇನೆ. ಮೊದಲ ದಿನ ಅತ್ತೆಯ ಹೆಸರೊಂದನ್ನೇ ಬಾಯೊಳಗೆ ಹಾಡಿ ಕರೆದೆ. ಉಳಿದವರನ್ನು ಕರೆಯಬೇಕಾಗಿರಲಿಲ್ಲ.

ಮ್ಯಾನೇಜರ್ ಒಮ್ಮೆ ನೋಡಿದ. "ಹಕ್ಕಿಗೇನು?"

"ಹೂಂರಿ."

"ಛಲೋ ಆತು. ಗೆಸ್ಟ್ ಫೋಟೋ ತಗೀತಾರ."

ದಿನಾ ಬಡಿಸುತ್ತೇನೆ. ಇಷ್ಟು ಹೊತ್ತಿಗೆ ಅವರ ಹೊಟ್ಟೆ ತುಂಬಿರಬೇಕು, ಮನೆಗೆ ಹೊರಡಬೇಕೆಂದು ಕಾದಿರಬೇಕು. ಕಳಿಸುವ ಹಾಡು ನನಗೆ ಬರುವುದಿಲ್ಲ.