ಶುಕ್ರವಾರಪ್ಪನ ಏಳು ಹೊಲಿಗೆ ಗೆರೆ

ಅವನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು, ಅಂಗಡಿಯ ಬೋರ್ಡಿನ ಮೇಲೂ ಅದೇ ಇತ್ತು. ಆದರೆ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಶುಕ್ರವಾರಪ್ಪ ಎಂದೇ. ಅಂಗಿ ಹೊಲಿಯಲು ಕೊಟ್ಟರೂ, ಪ್ಯಾಂಟಿಗೆ ಜಿಪ್ ಹಾಕಿಸಲು ಬಂದರೂ, ಹರಿದ ಕೊಡೆಯನ್ನೇ ತಂದು ಮುಂದಿಟ್ಟರೂ ಅವನು ಹೇಳುತ್ತಿದ್ದದ್ದು "ಶುಕ್ರವಾರ ಬನ್ನಿ" ಎಂಬ ಒಂದೇ ಮಾತು. ಯಾವ ಶುಕ್ರವಾರ ಎಂದು ಕೇಳುವವರು ಹೊಸ ಗಿರಾಕಿಗಳು. ಹಳಬರು ಎರಡು ಶುಕ್ರವಾರ ಬಿಟ್ಟು ಮೂರನೆಯದರ ಸಂಜೆ ನಿಧಾನವಾಗಿ ಬರುತ್ತಿದ್ದರು. ಬಟ್ಟೆ ಸಿದ್ಧವಾಗಿರುತ್ತಿತ್ತು. ಹೊಲಿಗೆ ಮಾತ್ರ ಅಂಥಿಂಥದ್ದಲ್ಲ. ಅದಕ್ಕಾಗಿಯೇ ಜನ ಈ ಕಾಟವನ್ನು ಸಹಿಸಿಕೊಂಡಿದ್ದರು.

ಎಲ್ಲದರಲ್ಲೂ ಒಂದಿಷ್ಟು ಮಾರ್ಜಿನ್ ಬಿಡಬೇಕು ಎಂಬುದು ಅವನ ಬಾಳಿನ ಸಿದ್ಧಾಂತ. ಹೊಲಿಗೆಯ ಒಳಗೆ ಮಡಚಿ ಬಿಡುವ ಹೆಚ್ಚುವರಿ ಬಟ್ಟೆಗೆ ಅವರ ಕಸುಬಿನಲ್ಲಿ ಮಾರ್ಜಿನ್ ಎನ್ನುತ್ತಾರೆ. ಗಿರಾಕಿ ದಪ್ಪಗಾದರೆ ಹಳೆಯ ಹೊಲಿಗೆ ಬಿಚ್ಚಿ ಒಂದಿಷ್ಟು ಆಚೆಗೆ ಹೊಸದು ಹಾಕಿದರಾಯಿತು, ಪ್ಯಾಂಟೂ ಉಳಿಯಿತು, ಮಾನವೂ ಉಳಿಯಿತು. ತನ್ನ ಪ್ಯಾಂಟುಗಳಿಗಂತೂ ಅವನು ಧಾರಾಳವಾಗಿ ಬಿಟ್ಟುಕೊಳ್ಳುತ್ತಿದ್ದ. ಸೊಂಟ ಬಿಗಿ ಎನಿಸಿದಾಗ, ಹೆಂಡತಿ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿರುವ ಹೊತ್ತು ನೋಡಿ, ಮೆಷಿನ್ನಿಗೆ ಕೂತು ಹತ್ತು ನಿಮಿಷದಲ್ಲಿ ಸಡಿಲ ಮಾಡಿಕೊಂಡು ಏಳುತ್ತಿದ್ದ. ಬೇರೆಯವರಿಗೆ ಪ್ಯಾಂಟು ಏರದೆ ಹೋದಾಗ ತಾವು ದಪ್ಪಗಾದದ್ದು ಗೊತ್ತಾಗುತ್ತದೆ. ಇವನಿಗೆ ಏರದೆ ಹೋದದ್ದೇ ಇಲ್ಲ. ದೀಪದ ಬುಡ ಕತ್ತಲೆ ಅನ್ನುವುದು ಸುಳ್ಳಲ್ಲ: ಬೀದಿಯವರ ಮೈಯನ್ನೆಲ್ಲ ಅಳೆದ ಟೇಪು ದಿನವಿಡೀ ಅವನ ಕೊರಳಲ್ಲೇ ನೇತಾಡುತ್ತಿತ್ತು, ಒಂದು ದಿನವಾದರೂ ಸೊಂಟಕ್ಕೆ ಇಳಿದಿರಲಿಲ್ಲ. ಐವತ್ತೆರಡು ತುಂಬಿದರೂ ತನ್ನದು ಮದುವೆ ಕಾಲದ ಸೊಂಟ ಎಂದೇ ಅವನು ತಿಳಿದಿದ್ದ.

ಎದುರಿಗೇ ಬೇಕರಿ. ಬೇಕರಿಯವನು ಇಪ್ಪತ್ತು ವರ್ಷದ ಗೆಳೆಯ. ಸಂಜೆ ನಾಲ್ಕಕ್ಕೆ ಒಲೆಯಿಂದ ಇಳಿದ ಮೊದಲ ಸಕ್ಕರೆ ಬನ್ನು ಟೈಲರ್ ಅಂಗಡಿಗೆ ಬರಲೇಬೇಕು, ಅದರ ಜೊತೆಗೆ ಮೂರು ಚಮಚ ಸಕ್ಕರೆಯ ಚಹಾ. ಇದು ಸೂರ್ಯ ಮುಳುಗುವಷ್ಟೇ ಖಾತ್ರಿಯಾಗಿ ನಡೆದುಬಂದ ವ್ಯವಹಾರ.

ತೊಂದರೆ ಕಾಣಿಸಿಕೊಂಡದ್ದು ಬೆರಳಿನಲ್ಲಿ. ಅವನು ಕಣ್ಣು ಮುಚ್ಚಿ ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿ, ಇದರಲ್ಲಿ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂದು ಹೇಳಬಲ್ಲವನಾಗಿದ್ದ. ಒಂದು ದಿನ ಹಾಗೆ ಉಜ್ಜಿದಾಗ ಏನೂ ಗೊತ್ತಾಗಲಿಲ್ಲ. ಬೆರಳ ತುದಿಗಳು ಕೈಗವಸು ಹಾಕಿಕೊಂಡ ಹಾಗೆ ಮಂಕಾಗಿದ್ದವು. ವಯಸ್ಸಾಯಿತು ಎಂದು ಸುಮ್ಮನಾದ. ಆಮೇಲೆ ಬಿಳಿ ಅಂಗಿಯೊಂದರ ಮೇಲೆ ಕೆಂಪು ಚುಕ್ಕೆ ಬಿತ್ತು. ಹೆಂಡತಿ ಕೇಳಿದರೆ ಕೆಂಪು ಸೀಮೆಸುಣ್ಣ ಎಂದ. ಕಳ್ಳನಿಗೊಂದು ಪಿಳ್ಳೆ ನೆವ. ಅದೇ ಅಂಗಡಿಯಲ್ಲಿ ಗುಂಡಿ ಹಚ್ಚಿ, ಕಾಜಾ ಹೊಲಿದು ಇಪ್ಪತ್ತೈದು ವರ್ಷ ಕಳೆದ ಹೆಂಗಸಿಗೆ ರಕ್ತ ಯಾವುದು, ಸೀಮೆಸುಣ್ಣ ಯಾವುದು ತಿಳಿಯದೇ? ಮೂರನೇ ಸಲ ಚುಕ್ಕೆ ಬಿದ್ದಾಗ ಅವಳು ಅವನ ಎಡಗೈ ಹಿಡಿದು ತಿರುಗಿಸಿ ನೋಡಿದಳು. ತೋರುಬೆರಳಿನಲ್ಲಿ ಸೂಜಿ ಇನ್ನೂ ನೆಟ್ಟಿತ್ತು. ಅವನಿಗೆ ಅದರ ಸುದ್ದಿಯೇ ಇರಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಲಿಲ್ಲ. ಗಂಡ ಹೆಂಡತಿ ಡಾಕ್ಟರ ಮುಂದೆ ಕೂತಿದ್ದರು.

ಡಾಕ್ಟರು ಮೂವತ್ತೈದರ ಹೆಣ್ಣುಮಗಳು, ಮಾತು ಚೂರಿಯಷ್ಟು ನೇರ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಹೇಳಿದಾಗ ಅವನು ಅದನ್ನು ಇಂಚಿನಲ್ಲಿ ಊಹಿಸಿಕೊಂಡು ಬೆಚ್ಚಿದ. ಇಷ್ಟು ದಿನ ಏರಿದ ಸಕ್ಕರೆ ಬೆರಳ ನರಗಳಿಗೆ ಕೈಹಾಕಿದೆ ಎಂದರು. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಬೆರಳು ಸರಿಹೋಗುತ್ತಾ ಡಾಕ್ಟ್ರೇ?"

"ಹೋಗಬಹುದು, ಹೋಗದೇನೂ ಇರಬಹುದು. ಅದಕ್ಕೆ ನಾನು ಮಾತು ಕೊಡಲ್ಲ. ಆದ್ರೆ ಹೀಗೇ ಬಿಟ್ರೆ ಇನ್ನೂ ಕೆಡುತ್ತೆ. ಅದಕ್ಕೆ ಬೇಕಾದ್ರೆ ಈಗಲೇ ಮಾತು ಕೊಡ್ತೀನಿ."

ಮಾತ್ರೆಯ ಜೊತೆಗೆ ಕೀಟೋ ಎಂಬ ಊಟದ ಪದ್ಧತಿ ಬರೆದುಕೊಟ್ಟರು. ಅನ್ನ, ಬ್ರೆಡ್ಡು, ಆಲೂಗಡ್ಡೆ, ಸಕ್ಕರೆ ಪೂರ್ತಿ ಬಂದ್. ಮೊಟ್ಟೆ, ಮೀನು, ಸೊಪ್ಪು, ಬೆಣ್ಣೆ, ಚೀಸು, ಒಂದು ಹಿಡಿ ಬಾದಾಮಿ. ಇದು ಎಲ್ಲರಿಗೂ ಹೇಳುವುದಲ್ಲ, ನಿಮ್ಮ ಪರೀಕ್ಷೆಗಳನ್ನು ನೋಡಿ ಹೇಳುತ್ತಿದ್ದೇನೆ, ನನ್ನನ್ನು ಕೇಳದೆ ಮಾತ್ರೆ ಹೆಚ್ಚು ಕಡಿಮೆ ಮಾಡಕೂಡದು, ತಿಂಗಳಿಗೊಮ್ಮೆ ಬರಲೇಬೇಕು ಎಂದರು. ಹೊರಡುವಾಗ ತಮಗೊಂದು ಬಿಳಿ ಕೋಟು ಬೇಕೆಂದು ಅಳತೆ ಕೊಟ್ಟರು. ಅವನ ಬಾಯಿಂದ ರೂಢಿಯಂತೆ ಶುಕ್ರವಾರ ಎಂದು ಬಂದೇಬಿಟ್ಟಿತು.

ಬೆಣ್ಣೆ ತಿನ್ನಿ ಎನ್ನುವ ಡಾಕ್ಟರು ಯಾರ ಪುಣ್ಯಕ್ಕೆ ಸಿಗುತ್ತಾರೆ? ಬಸ್ಸಿನಲ್ಲಿ ಬರುವಾಗ ಅವನು ಮದುವೆ ಗಂಡಿನಷ್ಟು ಹಿಗ್ಗಿದ್ದ. ಮೂರನೇ ದಿನಕ್ಕೆ ಹಿಗ್ಗು ಇಳಿಯಿತು. ತಲೆನೋವು, ಸುಸ್ತು, ಕತ್ತರಿ ಹಿಡಿದರೆ ಕೈ ಭಾರ. ಡಾಕ್ಟರಿಗೆ ಫೋನು ಮಾಡಿದರೆ ಮೊದಮೊದಲು ಹೀಗೇ, ನೀರು ಚೆನ್ನಾಗಿ ಕುಡಿಯಿರಿ, ಸ್ವಲ್ಪ ಉಪ್ಪೂ ಹಾಕಿಕೊಳ್ಳಿ ಎಂದರು. ಹೆಂಡತಿ ಅನ್ನದ ಪಾತ್ರೆಯನ್ನೇ ಅಟ್ಟಕ್ಕೆ ಏರಿಸಿದಳು. ಅವನ ಎದುರಿಗೆ ತಾನೊಬ್ಬಳೇ ಅನ್ನ ಉಣ್ಣಲು ಮನಸ್ಸು ಬಾರದೆ ಅವಳೂ ಬಿಟ್ಟಳು. ದಿನಕ್ಕೊಂದು ಬಗೆಯ ಮೊಟ್ಟೆ ಮಾಡಿದಳು. ಎಂಟನೇ ದಿನಕ್ಕೆ ಮೊಟ್ಟೆಯ ಬಗೆಗಳು ಮುಗಿದವು, ಮೊಟ್ಟೆ ಮುಗಿಯಲಿಲ್ಲ.

ಆಗ ಶುಕ್ರವಾರಪ್ಪನ ಟೈಲರ್ ಬುದ್ಧಿ ಕೆಲಸ ಮಾಡತೊಡಗಿತು. ತಾನು ಶುಕ್ರವಾರ ಎಂದರೆ ಅದರಲ್ಲಿ ಎರಡು ವಾರ ಹೆಚ್ಚುವರಿ ಇರುತ್ತದೆ. ಕಸುಬು ಬಲ್ಲವರೆಲ್ಲ ಹಾಗೇ ಅಲ್ಲವೇ? ಡಾಕ್ಟರು ಸಕ್ಕರೆ ಪೂರ್ತಿ ಬಂದ್ ಎಂದರೆ ಅವರೂ ಒಂದಿಷ್ಟು ಒಳಗೆ ಬಿಟ್ಟೇ ಹೇಳಿರಬೇಕು. ಅರ್ಧ ಬನ್ನು ಆ ಮಾರ್ಜಿನ್ನಿನೊಳಗೆ ಆರಾಮವಾಗಿ ಬರುತ್ತದೆ. ಹೀಗೆ ಲೆಕ್ಕ ಹಾಕಿ ಒಂದು ಸಂಜೆ ಬೇಕರಿಯ ಹಿಂಬಾಗಿಲಲ್ಲಿ ನಿಂತು ಅರ್ಧ ಬನ್ನು ತಿಂದ. ಮರುದಿನವೂ ಅರ್ಧ. ಉಳಿದರ್ಧವನ್ನು ಬಿಸಾಡುವುದು ಪಾಪ ಎಂದು ಬೇಕರಿಯವನು ಹೇಳಿದ ಮೇಲೆ ಪೂರ್ತಿ ಬನ್ನು. ಅವಳು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರುವ ಆಸಾಮಿ. ಮನೆಗೆ ಬಂದು ಮೀಸೆಯ ಮೇಲಿನ ಸಕ್ಕರೆ ಒರೆಸಿಕೊಂಡು, ಸೊಪ್ಪು ಬಲು ರುಚಿಯಾಗಿದೆ ಎಂದು ಹೊಗಳುತ್ತಿದ್ದ.

ತಿಂಗಳ ಕೊನೆಗೆ ಪರೀಕ್ಷೆಯ ಕಾಗದ ಬಂತು. ಅಂಕಿ ಇದ್ದಲ್ಲೇ ಕಾಲು ಚಾಚಿ ಮಲಗಿತ್ತು. ಹೆಂಡತಿಯ ಮುಖ ಸಣ್ಣದಾಯಿತು. ತಾನು ಅಡುಗೆಯಲ್ಲಿ ಎಲ್ಲಿ ತಪ್ಪಿದೆ, ಎಣ್ಣೆ ಬದಲಿಸಬೇಕಿತ್ತೇ, ಸೊಪ್ಪು ಹೆಚ್ಚಾಯಿತೇ ಎಂದು ಅವಳು ಡಾಕ್ಟರನ್ನು ಒಂದೊಂದಾಗಿ ಕೇಳತೊಡಗಿದಾಗ ಅವನಿಗೆ ತಡೆಯಲಾಗಲಿಲ್ಲ. ಬನ್ನಿನ ಕಥೆ, ಮಾರ್ಜಿನ್ನಿನ ಕಥೆ ಎರಡನ್ನೂ ತಲೆ ತಗ್ಗಿಸಿ ಹೇಳಿದ. ಡಾಕ್ಟರು ಬೈಯಲಿಲ್ಲ. ಪೆನ್ನು ಕೆಳಗಿಟ್ಟರು.

"ನಾನು ಹೇಳಿದ್ರಲ್ಲಿ ಮಾರ್ಜಿನ್ ಬಿಟ್ಟಿಲ್ಲ ಯಜಮಾನರೇ. ಇದ್ದದ್ದನ್ನೆಲ್ಲ ನೀವೇ ಆಗ್ಲೇ ಬಿಚ್ಚಿ ಮುಗಿಸಿದ್ದೀರಿ," ಎಂದರು.

ಬಸ್ಸಿನಲ್ಲಿ ಹೆಂಡತಿ ಅವನ ಪಕ್ಕದಲ್ಲೇ ಕೂತು ಬಂದಳು. ಮನೆಗೆ ಬಂದವಳೇ ಅವನ ಬೂದು ಬಣ್ಣದ ಪ್ಯಾಂಟನ್ನು ತಂದು ಒಳಮೈ ಹೊರಗೆ ಮಾಡಿ ಕಟಿಂಗ್ ಮೇಜಿನ ಮೇಲೆ ಹರಡಿದಳು. ಸೊಂಟದ ಹಿಂಬದಿಯಲ್ಲಿ ಬಿಚ್ಚಿದ ಹೊಲಿಗೆಗಳ ಸೂಜಿತೂತುಗಳು ಸಾಲುಸಾಲಾಗಿ ಕಾಣುತ್ತಿದ್ದವು. ಆರು ಹಳೆಯ ಗೆರೆ, ಏಳನೆಯದು ಈಗಿನ ಹೊಲಿಗೆ. ಅದರಾಚೆ ಬಟ್ಟೆಯೇ ಇರಲಿಲ್ಲ.

"ಒಗೆಯೋಳು ನಾನು. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ? ಒಂದೊಂದು ಗೆರೆ ಬಿದ್ದಾಗ್ಲೂ ಎಣಿಸ್ತಿದ್ದೆ. ಗಂಡಸು, ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ಅದು ನನ್ನ ತಪ್ಪು."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ.

"ಬಸ್ಸಲ್ಲಿ ಅಷ್ಟು ದೂರ ನಿಮ್ಮ ಬೆರಳ ತುದಿ ಹಿಡ್ಕೊಂಡೇ ಕೂತಿದ್ದೆ. ನೀವು ಕಿಟಕಿ ಕಡೆ ನೋಡ್ತಿದ್ರಿ. ನಿಮಗೆ ಗೊತ್ತೇ ಆಗ್ಲಿಲ್ಲ."

ಅವನು ತನ್ನ ಕೈಯನ್ನೇ ನೋಡಿಕೊಂಡ. ಗೊತ್ತಾಗಿರಲಿಲ್ಲ, ನಿಜ. ಈವರೆಗೆ ಅವನಿಗೆ ಬೆರಳು ಎಂದರೆ ಸೂಜಿ, ಕಾಲರು, ಗಿರಾಕಿ. ಈ ಲೆಕ್ಕ ಅವನ ತಲೆಗೆ ಬಂದೇ ಇರಲಿಲ್ಲ. ನಾಚಿಕೆಯಾಯಿತು, ಭಯವೂ ಆಯಿತು. ಬಟ್ಟೆ ಮುಗಿದರೆ ಇನ್ನೊಂದು ಮೀಟರು ತರಬಹುದು, ಇದನ್ನು ಎಲ್ಲಿಂದ ತರುವುದು?

ಅಂದು ಸಂಜೆಯೇ ಬೇಕರಿಗೆ ಮುಂಬಾಗಿಲಿನಿಂದ ಹೋಗಿ, ಇನ್ನು ಬನ್ನು ಬೇಡ ಎಂದ. ಬೇಕರಿಯವನಿಗೆ ಅದು ಸ್ನೇಹವೇ ಮುರಿದಷ್ಟು ಬೇಸರವಾಯಿತು. ನಾಲ್ಕು ದಿನ ಮಾತಾಡಲಿಲ್ಲ. ಐದನೇ ದಿನ ಸಂಜೆ ನಾಲ್ಕಕ್ಕೆ ಬನ್ನು ಕಟ್ಟುವ ಅದೇ ಎಣ್ಣೆಕಾಗದದಲ್ಲಿ ಒಂದು ಪೊಟ್ಟಣ ಹಿಡಿದು ತಾನೇ ಬಂದ. ಬಿಚ್ಚಿದರೆ ಬೇಯಿಸಿದ ಮೊಟ್ಟೆ, ಮೇಲೆ ಮೆಣಸಿನ ಪುಡಿ. ತನ್ನ ಒಲೆಯಲ್ಲಿ ಬನ್ನಲ್ಲದೆ ಮೊಟ್ಟೆಯೂ ಬೇಯುತ್ತದೆ ಎಂದು ಗತ್ತಿನಿಂದ ಹೇಳಿದ. ಶುಕ್ರವಾರಪ್ಪನಿಗೆ ಆ ಹೊತ್ತಿಗೆ ಮೊಟ್ಟೆ ಕಂಡರೆ ವಾಕರಿಕೆ ಬರುವಂತಾಗಿತ್ತು. ಆದರೂ ಎರಡು ಹನಿ ಕಣ್ಣೀರು ನುಂಗಿಕೊಂಡು ಅಷ್ಟನ್ನೂ ತಿಂದ.

ಮಾರ್ಜಿನ್ ಇಲ್ಲದ ದಿನಗಳು ಶುರುವಾದವು. ಚಹಾ ಸಪ್ಪೆ, ಸಂಜೆ ಸಪ್ಪೆ, ಗಿರಾಕಿ ಮಗಳ ಮದುವೆಗೆ ಹೋದರೆ ಅವನ ತಟ್ಟೆಯಲ್ಲಿ ಸೌತೆಕಾಯಿ. ತೂಕದ ಯಂತ್ರದ ಮೇಲೆ ಅವನಿಗೆ ನಂಬಿಕೆಯಿಲ್ಲ. ಅವನ ಅಳತೆ ಬೂದು ಪ್ಯಾಂಟಿನಲ್ಲೇ ಇತ್ತು. ಎರಡನೇ ತಿಂಗಳಿಗೆ ಪ್ಯಾಂಟು ಜಾರತೊಡಗಿತು. ಏಳನೇ ಹೊಲಿಗೆ ಬಿಚ್ಚಿ, ಆರನೇ ಗೆರೆಯ ಹಳೆಯ ತೂತುಗಳ ಮೇಲೆಯೇ ಸೂಜಿ ಓಡಿಸಿದ. ಈ ಸಲ ಕದ್ದು ಅಲ್ಲ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಆಮೇಲೆ ಐದನೆಯದು. ಡಾಕ್ಟರು ಪರೀಕ್ಷೆಯ ಕಾಗದ ನೋಡಿ ಒಂದು ಮಾತ್ರೆ ಕಡಿಮೆ ಮಾಡಿದರು, ಮತ್ತೆ ಇನ್ನೊಂದನ್ನು ಅರ್ಧ ಮಾಡಿದರು. ಮಹಡಿ ಹತ್ತುವಾಗ ಏದುಸಿರು ನಿಂತಿತು. ಬೀದಿಯವರು ಏನು ಗುಟ್ಟು ಎಂದು ಕೇಳಿದರೆ, ಬನ್ನಿನ ಮೇಲಿನ ಬೆಣ್ಣೆ ತಿಂದು ಬನ್ನು ಬಿಡುವುದು ಎನ್ನುತ್ತಿದ್ದ. ಮಾಡುವುದಾದರೆ ಡಾಕ್ಟರನ್ನು ಕೇಳಿಯೇ ಮಾಡಿ ಎಂದು ಹೆಂಡತಿ ಒಳಗಿನಿಂದಲೇ ಕೂಗುತ್ತಿದ್ದಳು.

ಎಲ್ಲ ಸರಿ, ಬೆರಳು ಮಾತ್ರ ಹಾಗೇ ಇತ್ತು. ಮೊದಲು ದಿನಕ್ಕೆ ಹತ್ತು ಸಲ ಬಟ್ಟೆ ಉಜ್ಜಿ ನೋಡುತ್ತಿದ್ದವನು ಆಮೇಲೆ ಬಿಟ್ಟುಬಿಟ್ಟ. ಹೆಂಡತಿಯೂ ಕೇಳುವುದನ್ನು ನಿಲ್ಲಿಸಿದಳು. ಡಾಕ್ಟರ ಬಿಳಿ ಕೋಟು ಕತ್ತರಿಸಿದ ಸ್ಥಿತಿಯಲ್ಲೇ ಕಪಾಟಿನಲ್ಲಿತ್ತು. ಕೋಟಿನ ಕಾಲರನ್ನು ಅವನು ಕೈಯಲ್ಲೇ ಹೊಲಿಯುವವನು, ಬಿಳಿ ಬಟ್ಟೆಯ ಮೇಲೆ ಆ ಬೆರಳನ್ನು ಇಡಲು ಧೈರ್ಯ ಸಾಲುತ್ತಿರಲಿಲ್ಲ. ಪ್ರತಿ ತಿಂಗಳು ಡಾಕ್ಟರು ನಗದೆಯೇ ಕೇಳುತ್ತಿದ್ದರು, ಶುಕ್ರವಾರ ಇನ್ನೂ ಬಂದಿಲ್ಲವೇ ಎಂದು.

ಏಳನೇ ತಿಂಗಳು ಪ್ಯಾಂಟು ಮೂರನೇ ಗೆರೆಗೆ ಬಂತು. ಒಂದು ಬುಧವಾರ ಬೆಳಿಗ್ಗೆ ಅವನು ಏನಾದರೂ ಆಗಲಿ ಎಂದು ಕೋಟನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಕೂತ. ಕಾಲರಿನ ಅರ್ಧ ದಾಟಿದ್ದ. ಹೊರಗೆ ಬೇಕರಿಯವನು ಯಾರೊಂದಿಗೋ ಜಗಳವಾಡುತ್ತಿದ್ದ; ಅತ್ತ ಕಣ್ಣು ಹೋಯಿತು, ಇತ್ತ ಸೂಜಿ ತೋರುಬೆರಳಿಗೆ ಇಳಿಯಿತು.

"ಅಮ್ಮಾ" ಎಂದ ಅವನ ದನಿಗೆ ಹೆಂಡತಿ ಕೈಯಲ್ಲಿ ಸೌಟು ಹಿಡಿದೇ ಓಡಿಬಂದಳು. ಮೊದಲು ಕಂಡದ್ದು ಬಿಳಿ ಕಾಲರಿನ ಮೇಲಿನ ಕೆಂಪು ಚುಕ್ಕೆ. ಅದೂ ಡಾಕ್ಟರ ಕೋಟು, ನಿಮಗೆ ಬುದ್ಧಿ ಎಲ್ಲಿದೆ ಎಂದು ಬೈಯಲು ಶುರುಮಾಡಿದವಳು ಅವನ ಮುಖ ನೋಡಿ ನಿಂತಳು. ಅವನು ಬೆರಳನ್ನು ಎದುರಿಗೆ ಹಿಡಿದುಕೊಂಡು ನಗುತ್ತಿದ್ದ.

"ನೋವಾಯ್ತು ಕಣೇ."

ಅವಳು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಬನ್ನಿನ ವಿಷಯದಲ್ಲಿ ಒಮ್ಮೆ ಮೋಸ ಹೋದವಳು, ಸುಮ್ಮನೆ ನಂಬುವವಳಲ್ಲ. ಸೌಟು ಪಕ್ಕಕ್ಕಿಟ್ಟು, "ಕಣ್ಣು ಮುಚ್ಚಿ" ಎಂದಳು. ಮುಚ್ಚಿದ. ಒಂದು ಬೆರಳ ತುದಿ ಒತ್ತಿದಳು. ನಡುಬೆರಳು ಎಂದ. ಸರಿಯಾಗಿತ್ತು. ಇನ್ನೊಂದು ಒತ್ತಿದಳು. ಅವನು ಬಹಳ ಹೊತ್ತು ಕಾದು, ಏನೂ ಗೊತ್ತಾಗುತ್ತಿಲ್ಲ ಎಂದ. ಅದು ಕಿರುಬೆರಳು, ಅದಕ್ಕಿನ್ನೂ ಜೀವ ಬಂದಿರಲಿಲ್ಲ. ಆಮೇಲೆ ತೋರುಬೆರಳಿಗೆ ಬಂದಳು.

"ಈಗ?"



"ಈಗ ಒತ್ತುತ್ತಿಲ್ಲ ನೀನು," ಎಂದ. "ಸುಮ್ನೆ ಹಿಡ್ಕೊಂಡಿದೀಯ."

ಅವಳಿಗೆ ಅಳು ಬಂತು, ಅತ್ತಳು. ಒಲೆಯ ಮೇಲೆ ಏನೋ ಸೀಯುತ್ತಿದ್ದ ವಾಸನೆ ಬಂದರೂ ಏಳಲಿಲ್ಲ. ಸುಮಾರು ಹೊತ್ತಾದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ರಕ್ತದ ಕಲೆ ತೆಗೆಯಬೇಕು, ತಣ್ಣೀರಿನಲ್ಲಿ ನೆನೆಹಾಕಬೇಕು, ಡಾಕ್ಟರಿಗೆ ಏನು ಹೇಳೋಣ ಎಂದು ಕೇಳಿದಳು.

"ಶುಕ್ರವಾರ ಅನ್ನು," ಎಂದ ಅವನು ಕಣ್ಣು ಮುಚ್ಚಿಕೊಂಡೇ. "ಇದೇ ಶುಕ್ರವಾರ."