ಬಂಗಲೆಯ ಒಲೆ, ಹೋಟೆಲಿನ ಎಲೆ

ನಮ್ಮ ಮನೆಯಲ್ಲಿ ಯಾರಾದರೂ ಪ್ರವಾಸದ ಮಾತೆತ್ತಿದರೆ ನಾನು ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಒಲೆ ಹಚ್ಚುವವರು ಯಾರು? ಮಕ್ಕಳು ನಗುತ್ತಾರೆ. ಲಾಡ್ಜಿನ ರೂಮುಗಳು ಸಾಕೋ, ಇಡೀ ಮನೆಯನ್ನೇ ಬಾಡಿಗೆಗೆ ಹಿಡಿಯುವುದೋ ಎಂದು ಗಂಟೆಗಟ್ಟಲೆ ಜಗ್ಗಾಡುತ್ತಾರೆ. ಇದೇ ಜಗ್ಗಾಟವನ್ನು ನಾನು ಹುಡುಗಿಯಾಗಿದ್ದಾಗ ನಮ್ಮ ಜಗಲಿಯ ಮೇಲೆ ಕೇಳಿದ್ದೇನೆ. ಅವತ್ತು ಕೇಳಬೇಕಾದವಳನ್ನು ಯಾರೂ ಕೇಳಲಿಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ನೆಲೆ ನಿಂತ ಬೇಸಾಯದ ಕುಟುಂಬ ನಮ್ಮದು. ಆ ವರ್ಷ ಕಣದ ಕೆಲಸ ಮುಗಿದ ಮೇಲೆ ಸೋದರತ್ತೆ ಗಂಡ ಮಕ್ಕಳನ್ನು ಕಟ್ಟಿಕೊಂಡು ಹಾಸನದಿಂದ ಬಂದಿದ್ದಳು. ಎಲ್ಲರೂ ಸೇರಿ ಮಡಿಕೇರಿಗೆ ಹೋಗಿ ಮೂರು ದಿನ ಇದ್ದು ಬರೋಣ ಎಂದು ಚಿಕ್ಕಪ್ಪ ಶುರು ಹಚ್ಚಿದ. ಬಸ್ಸು ಹತ್ತಿದರೆ ಸಂಜೆಗೆ ವಾಪಸು ಬರಬಹುದಾದ ಊರಿನಲ್ಲಿ ಬೇಕೆಂದೇ ತಂಗುವುದು ನಮ್ಮ ಮನೆಗೆ ಹೊಸ ಸಂಗತಿ.

ಚಿಕ್ಕಪ್ಪ ಎರಡು ಜಾಗ ನೋಡಿಕೊಂಡು ಬಂದಿದ್ದ. ಒಂದು, ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜು. ಸಣ್ಣ ಸಣ್ಣ ರೂಮು, ಒಂದೊಂದರಲ್ಲಿ ಎರಡು ಮಂಚ, ಸಾಲಿಗೆಲ್ಲ ಒಂದೇ ಬಚ್ಚಲು. ಕೆಳಗೆ ಊಟದ ಹೋಟೆಲು. ಇನ್ನೊಂದು, ಊರಿನ ಮೇಲಿನ ಗುಡ್ಡದಲ್ಲಿದ್ದ ಕಾಫಿ ತೋಟದ ಸಾಹುಕಾರರೊಬ್ಬರ ಬಂಗಲೆ. ಅವರು ಊರಲ್ಲಿರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರು ಚಿಕ್ಕಪ್ಪನಿಗೆ ಪರಿಚಯ. ಸಾಹುಕಾರರ ಒಪ್ಪಿಗೆ ಪಡೆದು ಬಾಡಿಗೆಗೆ ಕೊಡುತ್ತೇನೆ ಅಂದಿದ್ದರು.

"ಇಬ್ಬಿಬ್ರು ಒಂದೊಂದು ಗೂಡು ಸೇರ್ಕಂಡು ಬಾಗ್ಲು ಹಾಕ್ಕಳಾದಾದ್ರೆ ಜತೇಲಿ ಯಾಕ್ಲಾ ಹೋಗ್ಬೇಕು?" ಎಂದು ಅಜ್ಜಿ ಚಿಕ್ಕಪ್ಪನನ್ನು ದಬಾಯಿಸಿದಳು. "ನಾನಂತೂ ಹೋಟ್ಲನ್ನ ಮುಟ್ಟಾಕಿಲ್ಲ."

"ಬಂಗ್ಲೇಲಿ ಅಡ್ಗೆಮನೆ ಐತಲ್ಲ, ಇನ್ನೇನು ಬೇಕು?" ಅಂದ ಅಪ್ಪ. ಅಡುಗೆಮನೆಯಿದ್ದರೆ ಅಡುಗೆ ತಾನಾಗಿಯೇ ಆಗುತ್ತದೆ ಎಂದು ನಂಬಿದ್ದ ಮನುಷ್ಯ ಅವನು.

ಬಾಗಿಲ ಮರೆಯಲ್ಲಿದ್ದ ಅವ್ವ ಮೆಲ್ಲಗೆ ಕೇಳಿದಳು: "ಆ ಹೋಟ್ಲಲ್ಲಿ ಬಡಿಸೋರು ಅವ್ರೇನಾ?"

"ಹೂಂ ಅತ್ಗೆ. ಬಡಿಸೋರೂ ಅವ್ರೆ, ಎಲೆ ಎತ್ತೋರೂ ಅವ್ರೆ," ಅಂದ ಚಿಕ್ಕಪ್ಪ.

"ಉಂಡೋರು ಸುಮ್ಕೆ ಎದ್ದೋಗಾದಾ?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಅವ್ವನ ಮುಖ ನೋಡಿದೆ. ಅವಳು ತಮಾಷೆಗೆ ಕೇಳಿರಲಿಲ್ಲ.

ಅವ್ವನಿಗೆ ತವರಿರಲಿಲ್ಲ. ಹಡೆದವಳು ಇವಳ ಎಳವೆಯಲ್ಲೇ ತೀರಿಹೋಗಿದ್ದಳು. ಮಿಕ್ಕ ಹೆಂಗಸರು ವರ್ಷಕ್ಕೊಮ್ಮೆ ತವರಿಗೆ ಹೋಗಿ, ಕಾಲು ಚಾಚಿ ಕೂತು, ಉಂಡು, ಮೈ ತುಂಬಿಕೊಂಡು ಬರುವಾಗ ಇವಳು ನಮ್ಮ ಒಲೆಯ ಮುಂದೆಯೇ ಇರುತ್ತಿದ್ದಳು. ಕೂತಲ್ಲಿಗೆ ಯಾರಾದರೂ ಒಂದು ಊಟ ಬಡಿಸಬೇಕು, ಅಷ್ಟೇ ಅವಳ ಆಸೆ. ಅದನ್ನು ಬಾಯಿಬಿಟ್ಟು ಹೇಳುವ ಪೈಕಿಯಲ್ಲ. ಕೊನೆಗೆ ಬಂಗಲೆಯೇ ಎಂದು ತೀರ್ಮಾನವಾಯಿತು.

ರಾಗಿಹಿಟ್ಟಿನ ಮೂಟೆ, ಪಾತ್ರೆ, ಮುದ್ದೆ ತೊಳಸುವ ಕೋಲು, ಪಾತ್ರೆ ಅಲುಗದಂತೆ ಕಾಲಿನಲ್ಲಿ ಅದುಮಿ ಹಿಡಿಯುವ ಕವೆಗೋಲು, ಎಲ್ಲವೂ ನಮ್ಮ ಜೊತೆ ಬಸ್ಸು ಹತ್ತಿದವು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ.

ಬಂಗಲೆ ಚೆಂದವಿತ್ತು, ಸುಳ್ಳು ಹೇಳಬಾರದು. ಹಾಲಿನಲ್ಲಿ ಎಲ್ಲರೂ ಸಾಲಾಗಿ ಹಾಸಿಗೆ ಹಾಸಬಹುದಿತ್ತು, ಕಿಟಕಿ ತೆಗೆದರೆ ಮಂಜು ಒಳಗೇ ಬರುತ್ತಿತ್ತು. ಅಡುಗೆಮನೆಗೆ ಕಾಲಿಟ್ಟ ಮೇಲೆ ನಮ್ಮ ಬುದ್ಧಿವಂತಿಕೆ ಬಯಲಾಯಿತು. ಅದು ಬಿಳಿ ದೊರೆಗಳ ಕಾಲದ್ದು. ಕಬ್ಬಿಣದ ಒಲೆ ಸೊಂಟಕ್ಕಿಂತ ಮೇಲೆ. ನಿಂತುಕೊಂಡು ಬೇಯಿಸಬೇಕು. ನಮ್ಮ ದುಂಡು ತಳದ ಪಾತ್ರೆ ಅದರ ಮೇಲೆ ನಿಲ್ಲಲೇ ಇಲ್ಲ. ಅಷ್ಟು ಎತ್ತರದಲ್ಲಿ ಕವೆಗೋಲಿನ ಮೇಲೆ ಕಾಲಿಡುವುದಾದರೂ ಹೇಗೆ?

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ. ಸರಿ ಅತ್ಗೆ, ನಾ ಮಾಡ್ತೀನಿ," ಎಂದು ಸೋದರತ್ತೆ ಸೆರಗು ಸಿಕ್ಕಿಸಿದಳು. ಕೋಲು ಒಂದು ಸುತ್ತು ತಿರುಗಿತೋ ಇಲ್ಲವೋ, ಪಾತ್ರೆ ವಾಲಿ ಅರ್ಧ ಎಸರು ಒಲೆಗೇ ಚೆಲ್ಲಿತು. ಆಮೇಲೆ ಅವಳು ಆ ಕಡೆ ತಲೆ ಹಾಕಲಿಲ್ಲ.

ಅವ್ವ ಹಿತ್ತಲಿಗೆ ಹೋಗಿ ಮೂರು ಕಲ್ಲು ಹೂಡಿದಳು. ಸೌದೆ ಇಬ್ಬನಿಯಲ್ಲಿ ನೆನೆದಿತ್ತು. ಸಂಜೆ ಎಲ್ಲರೂ ರಾಜಾಸೀಟಿಗೆ ಹೊರಟರು. ಮೊಣಕಾಲು ನೋವಿನ ಅಜ್ಜಿ ಉಳಿದಳು. ಮುಖ ಊದಿಸಿಕೊಂಡು ನಾನೂ ಉಳಿದೆ. ಅವ್ವ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಪಾತ್ರೆ ಇಳಿಸಿಕೊಂಡು, ಎರಡೂ ಕಾಲಿನಲ್ಲಿ ಕವೆಗೋಲು ಒತ್ತಿ, ಅಷ್ಟೂ ಜನರ ಮುದ್ದೆಯ ಹಿಟ್ಟು ತೊಳಸುತ್ತಿದ್ದಳು. ಅಜ್ಜಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

"ಅತ್ತೆಮ್ಮ, ಚಳಿ ಐತೆ, ಒಳೀಕೋಗಿ," ಅಂದಳು ಅವ್ವ.

ಅಜ್ಜಿ ಏಳಲಿಲ್ಲ. "ಹೊತ್ತು ಮುಳುಗೋದ ನೋಡಕ್ಕೆ ನೀನ್ಯಾಕೆ ಹೋಗ್ಲಿಲ್ಲ?"

"ನಾ ಹೋದ್ರೆ ಹಿಟ್ಟು ತೊಳಸೋರ್ಯಾರು?"

ಅದರಲ್ಲಿ ದೂರಿರಲಿಲ್ಲ, ಕೊಂಕಿರಲಿಲ್ಲ. ಅದಕ್ಕೇ ನನಗೆ ತಡೆಯಲಾರದಷ್ಟು ಅಳು ಬಂತು. ಅಜ್ಜಿ ನನ್ನನ್ನು ಎಳೆದು ತನ್ನ ಕಂಬಳಿಯೊಳಗೆ ಕೂರಿಸಿಕೊಂಡಳು.

ಬೆಳಗ್ಗೆ ಅವ್ವ ಮನೆಯೆಲ್ಲ ಹುಡುಕಿದರೂ ಕವೆಗೋಲು ಸಿಗಲಿಲ್ಲ. ಅಜ್ಜಿ ಅದನ್ನು ತನ್ನ ಹಾಸಿಗೆಯಡಿ ಹಾಕಿಕೊಂಡು ಕೂತಿದ್ದಳು.

"ಇವತ್ತು ಒಲೆ ಹಚ್ಚಂಗಿಲ್ಲ. ಎಲ್ರೂ ಹೋಟ್ಲಿಗೆ ನಡೀರಿ."

"ಹೋಟ್ಲನ್ನ ಮುಟ್ಟಾಕಿಲ್ಲ ಅಂದಿದ್ದೆ?" ಅಂದ ಅಪ್ಪ.

"ನಾ ಬಾಳೆಹಣ್ಣು ತಿಂತೀನಿ. ಉಣ್ಣಾಕೆ ನಿಂಗೇನ್ಲಾ ಬಂದೈತೆ?"

ಹೀಗೆ ನಾವು ಬಂಗಲೆಗೆ ಬೀಗ ಹಾಕಿ, ಬೇಡವೆಂದು ಬಿಟ್ಟಿದ್ದ ಲಾಡ್ಜಿನ ಕೆಳಗಿನ ಹೋಟೆಲಿಗೇ ಊಟಕ್ಕೆ ಹೋದೆವು. ಎಲೆ ಹಾಕಿದರು. ಅವ್ವ ಕೂರಲಿಲ್ಲ, ಮಕ್ಕಳ ಎಲೆಗೆ ಉಪ್ಪು ಬಂತೋ ಇಲ್ಲವೋ ಎಂದು ನಿಂತೇ ನೋಡುತ್ತಿದ್ದಳು. ಬಡಿಸುವವನು ಕರಾವಳಿಯ ಕಡೆಯವನು. "ಕೂತುಕೊಳ್ಳಿ ಅಮ್ಮ, ಬಡಿಸಲಿಕ್ಕೆ ನಾವಿದ್ದೇವಲ್ಲ," ಅಂದ. ಅವಳು ನಾಚಿ ಕೂತಳು. ತಲೆ ತಗ್ಗಿಸಿ ಉಂಡಳು.

ಸ್ವಲ್ಪ ಹೊತ್ತಿಗೆ ಅವನು ಮತ್ತೆ ಬಂದ. "ನಿಮಗೆ ಇನ್ನೆಂತ ಬೇಕು ಅಮ್ಮ?"

ಅವ್ವ ಪಕ್ಕದ ಎಲೆಗಳ ಕಡೆ ನೋಡಿದಳು. "ಮಕ್ಕಳಿಗೆ..." ಎಂದಳು.

"ಮಕ್ಕಳಿಗೆ ಆಯ್ತು. ನಿಮಗೆ?"

ಎದುರಿಗೆ ಬಾಳೆಹಣ್ಣು ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತದೆ ಅಂದಳು: "ಕೇಳ್ಕ ಮಗ. ಇದೇ ನಿನ್ ತವ್ರು ಅನ್ಕ."

ಅಜ್ಜಿ ಅವ್ವನನ್ನು ಹೆತ್ತ ಮಗಳಂತೆ ಮಗ ಎಂದದ್ದು ನಾನು ಅದೇ ಮೊದಲು ಕೇಳಿದ್ದು. ಅವ್ವ ಎಲೆಯನ್ನೇ ನೋಡುತ್ತ, ಸಣ್ಣ ದನಿಯಲ್ಲಿ, "ಇನ್ನೊಂಚೂರು ಪಾಯಸ," ಅಂದಳು.

ಹಬ್ಬಕ್ಕೆಲ್ಲ ನಮಗೆ ಪಾಯಸ ಕಾಸುತ್ತಿದ್ದವಳು ಅವಳೇ. ಅವಳು ಉಣ್ಣಲು ಕೂರುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿತ್ತು. ಸಿಹಿ ನನಗೆ ಸೇರದು ಅನ್ನುತ್ತಿದ್ದಳು. ನಾವೆಲ್ಲ ನಂಬಿದ್ದೆವು.